ಅಜ್ಜಿಯ ಮೊರದಲ್ಲಿ ಕ್ಯಾಲ್ಕುಲಸ್

ಕ್ಯಾಲ್ಕುಲಸ್ ಕಲಿತು ಜೀವನದಲ್ಲಿ ಏನು ಉಪಯೋಗವಾಯಿತು ಎಂದು ಯಾರಾದರೂ ಕೇಳಿದರೆ, ಅದನ್ನೇ ಕಲಿಸಿ ನಿವೃತ್ತಳಾದ ನಾನೂ ತಡವರಿಸುತ್ತೇನೆ. ತರಕಾರಿಯವಳ ಮುಂದೆ ಕೂಡುವುದು ಕಳೆಯುವುದು ಬಂದರೆ ಸಾಕು, ಡಿವೈ ಬೈ ಡಿಎಕ್ಸ್ ಅಲ್ಲಿ ಯಾರಿಗೂ ಬೇಡ. ಆದರೂ ಒಂದು ಸಲ ಈ ಕ್ಯಾಲ್ಕುಲಸ್ ನನ್ನನ್ನು ಉಳಿಸಿತು. ಉಳಿಸಿದ್ದು ನಾನು ಕಲಿತದ್ದಲ್ಲ, ನಮ್ಮಜ್ಜಿ ಕಲಿತದ್ದು.

ಎಂಬತ್ತರ ದಶಕದ ಮಾತು. ಮಾನ್ವಿಯಲ್ಲಿ ನಮ್ಮಪ್ಪನದು ಅಕ್ಕಿ ಗಿರಣಿ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ನಾನು ಪಿಯುಸಿಯಲ್ಲಿ ಇಂಗ್ಲಿಷಿನ ಲೆಕ್ಕ ಕಂಡು ದಿಕ್ಕು ತಪ್ಪಿ, ಭರ್ಜರಿಯಾಗಿ ಡುಮ್ಕಿ ಹೊಡೆದೆ. ಅಪ್ಪ ಹೆಚ್ಚು ಬೈಯಲಿಲ್ಲ. "ಮತ್ತೊಮ್ಮಿ ಕಟ್ಟು. ಪಾಸಾದ್ರ ರಾಯಚೂರಿಗೆ ಬಿಎಸ್ಸಿಗಿ ಕಳಸ್ತೀನಿ. ಇಲ್ಲಂದ್ರ ಲಗ್ನ. ಆಮ್ಯಾಲ ಅಳಬ್ಯಾಡ," ಎಂದರು. ಪಾಠಕ್ಕೆಂದು ದೇವದುರ್ಗದ ಕಡೆಯ ಬಸವರಾಜ ಮಾಸ್ತರರನ್ನು ಗೊತ್ತು ಮಾಡಿದರು. ಮಾಸ್ತರರಿಗೆ ಇನ್ನೂ ಮದುವೆಯಾಗಿರಲಿಲ್ಲ. ಆದ್ದರಿಂದ ನಮ್ಮಿಬ್ಬರ ನಡುವೆ ಅಜ್ಜಿಯನ್ನು ಕೂರಿಸಲಾಯಿತು.

ಅಜ್ಜಿ ಸುಮ್ಮನೆ ಕಾವಲು ಕೂತರೆ ಮಾಸ್ತರರಿಗೆ ಅವಮಾನವಲ್ಲವೇ? ಅದಕ್ಕೆ ಮೊರದ ತುಂಬ ಅಕ್ಕಿ ಹಾಕಿಕೊಂಡು ಹಸನು ಮಾಡುವ ನೆಪ ಹೂಡಿದಳು. ಗಿರಣಿಯ ಮನೆಯ ಅಕ್ಕಿಯಲ್ಲಿ ಹಳ್ಳು, ಅಂದರೆ ಸಣ್ಣ ಕಲ್ಲು, ಎಷ್ಟಿದ್ದೀತು? ಪಾಠ ಅರ್ಧ ಆಗುವಷ್ಟರಲ್ಲಿ ಕೆಲಸ ಮುಗಿದುಹೋಗುತ್ತಿತ್ತು. ಆಗ ಆಕೆ ಆರಿಸಿದ ಹಳ್ಳುಗಳನ್ನೆಲ್ಲ ಗಂಭೀರವಾಗಿ ಮತ್ತೆ ಅಕ್ಕಿಗೆ ಬೆರೆಸಿ, ಮೊದಲಿನಿಂದ ಶುರು ಮಾಡುತ್ತಿದ್ದಳು. ಮಾಸ್ತರರು ಇಂಟಿಗ್ರೇಷನ್ ಎಂದರೆ ಡಿಫರೆನ್ಷಿಯೇಷನ್ನಿನ ತಿರುಗುಮುರುಗು, ಬಿಡಿಸಿದ್ದನ್ನು ಮತ್ತೆ ಕೂಡಿಸುವುದು ಎಂದಾಗ ನನಗೆ ತಟ್ಟನೆ ತಿಳಿದದ್ದು ಅಜ್ಜಿಯ ಮೊರ ನೋಡಿದ್ದರಿಂದಲೇ. ಕೊನೆಗೆ ಒಂದು ಸಿ ಸೇರಿಸಬೇಕು, ಅದು ಎಷ್ಟೆಂದು ಗೊತ್ತಿರುವುದಿಲ್ಲ ಎಂದರು. ಅಕ್ಕಿಯಲ್ಲಿ ಉಳಿದಿರಬಹುದಾದ ಹಳ್ಳು ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ.

ಅಜ್ಜಿಗೆ ನಿಜವಾಗಿ ಹಿಡಿಸಿದ್ದು ಲಿಮಿಟ್. ಎಕ್ಸ್ ಸೊನ್ನೆಯ ಹತ್ತಿರ ಹೋಗುತ್ತದೆ, ಇನ್ನೂ ಹತ್ತಿರ ಹೋಗುತ್ತದೆ, ಆದರೆ ಮುಟ್ಟುವುದಿಲ್ಲ ಎಂದು ಮಾಸ್ತರರು ಹೇಳುತ್ತಿದ್ದಾಗ ಆಕೆಯ ಕೈ ನಿಂತಿತು.

"ಏನ್ರೀ ಮಾಸ್ತರ್ರ, ಎಷ್ಟ್ ಹತ್ರ ಹೋದ್ರೂ ಮುಟ್ಟಂಗಿಲ್ಲೇನು?"

"ಮುಟ್ಟಂಗಿಲ್ಲ ಯವ್ವಾ."

"ಭಾಳ ಛಲೋ ಲೆಕ್ಕ ಬಿಡ್ರಿ. ದಿನಾ ಇದನ್ನ ಹೇಳಿಕೊಡ್ರಿ."

ಮಾಸ್ತರರು ಕೆಂಪಗಾದರು. ಮರುದಿನದಿಂದ ತಮ್ಮ ಚಾಪೆಯನ್ನು ಇನ್ನಷ್ಟು ದೂರ ಹಾಸಿಕೊಂಡರು. ನನಗೋ, ವಿಚಿತ್ರವೆಂಬಂತೆ, ಲೆಕ್ಕ ರುಚಿಸತೊಡಗಿತು. ಗುಡ್ಡದ ನೆತ್ತಿಯಲ್ಲಿ ಇಳಿಜಾರು ಸೊನ್ನೆ ಎಂಬುದು ತಿಳಿದ ದಿನ ಎಷ್ಟು ಖುಷಿಯಾಯಿತೆಂದರೆ, ಅಜ್ಜಿಯನ್ನು ಹಿಡಿದು ಗಿರಗಿರ ತಿರುಗಿಸಿಬಿಟ್ಟೆ. "ಹುಚ್ಚಿ, ಬಿಡಬೇ!" ಎಂದು ಕೂಗಿದಳು. ಆದರೆ ನನ್ನ ಮುಖ ನೋಡಿದಳು, ಬಹಳ ಹೊತ್ತು ನೋಡಿದಳು.

ಪರೀಕ್ಷೆ ಇನ್ನೇನು ಬಂತು ಎನ್ನುವಾಗ ಶಕ್ತಿನಗರದ ಎಂಜಿನಿಯರೊಬ್ಬರ ಸಂಬಂಧ ಬಂತು. ಹುಡುಗ, ಅವನ ತಂದೆ ತಾಯಿ ಎಲ್ಲ ಜೀಪಿನಲ್ಲಿ ಬಂದಿಳಿದರು. ನನ್ನನ್ನು ನೋಡಿದ್ದಾಯಿತು. ಹುಡುಗನ ತಂದೆ ಎಲೆಯ ಮುಂದೆ ಕೂರುತ್ತಲೇ, "ಹುಡುಗಿ ಒಪ್ಪಿಗಿ ಅದರೀ. ಲಗ್ನ ಪರೀಕ್ಷಿಕ್ಕಿಂತ ಮದ್ಲ ಮುಗಿಸಿಬಿಡ್ರಿ. ಲೆಕ್ಕ ಕಲ್ತು ಆಕಿ ಏನ್ ಮಾಡಬೇಕು?" ಎಂದರು. ಪಾಸಾದರೆ ಕಳಿಸುತ್ತೇನೆ ಎಂದಿದ್ದ ನಮ್ಮಪ್ಪ ತಲೆಯಾಡಿಸಿದರು. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ನಾನು ಒಳಗೆ ತಿರುಗಿದೆ. ಒಲೆಯ ಮೇಲೆ ಅನ್ನದ ಎಸರು ಇನ್ನೂ ಕುದಿಯುತ್ತಿತ್ತು, ಅಕ್ಕಿಯ ಮೊರ ಅಜ್ಜಿಯ ತೊಡೆಯ ಮೇಲಿತ್ತು.

ಹೋಳಿಗೆ, ಎಣ್ಣೆಗಾಯಿ ಎಲ್ಲ ದಾಟಿ ಊಟ ಅನ್ನಕ್ಕೆ ಬಂತು. ಮೊದಲು ಹುಡುಗನ ತಂದೆಯ ಬಾಯಲ್ಲಿ ಕಟಕ್ ಎಂದಿತು. ಆಮೇಲೆ ತಾಯಿಯ ಬಾಯಲ್ಲಿ. ಎಂಜಿನಿಯರು ದವಡೆ ಹಿಡಿದುಕೊಂಡು ಎದ್ದೇಬಿಟ್ಟ.

"ಏನ್ರೀ ಇದು, ಮಿಲ್ಲಿನೋರ ಮನ್ಯಾಗ ಹಳ್ಳಿನ ಅನ್ನ! ಬೀಗರಿಗಿ ಹಿಂಗ ಹಾಕೋರು ಊರ ಮಂದಿಗಿ ಏನ್ ಮಾರ್ತೀರಿ?" ಎಂದರು ಹುಡುಗನ ತಂದೆ.

ಅಪ್ಪನಿಗೆ ಆ ಮಾತು ಕೆನ್ನೆಗೆ ಹೊಡೆದಂತಾಯಿತು. ಮಗಳನ್ನು ಏನಂದರೂ ತಲೆಯಾಡಿಸುತ್ತಿದ್ದವರು ಗಿರಣಿಯನ್ನು ಅಂದರೆ ಬಿಡುತ್ತಾರೆಯೇ? ಮಾತಿಗೆ ಮಾತು ಬೆಳೆಯಿತು. ಜೀಪು ಧೂಳೆಬ್ಬಿಸುತ್ತ ಹೋಯಿತು. ಅಪ್ಪ ಒಳಗೆ ಬಂದು, "ಅಕ್ಕಿ ಯಾರು ಹಸನ ಮಾಡಿದ್ರು?" ಎಂದು ಗುಡುಗಿದರು.

"ನಾನಽ ಯಪ್ಪಾ," ಎಂದಳು ಅಜ್ಜಿ, ಪಾಪದ ದನಿಯಲ್ಲಿ. "ಕಣ್ಣು ಮಂಜಾಗ್ಯಾವ. ಏನ್ ಮಾಡ್ಲಿ?"

ಅಪ್ಪ ಹೆಗಲ ಮೇಲಿನ ಟವೆಲು ಕೊಡವಿ ಗಿರಣಿಗೆ ಹೊರಟರು. ಅಂದು ಸಂಜೆ ಮಂಜುಗಣ್ಣಿನ ನಮ್ಮಜ್ಜಿ ಕುಬಸ ಹೊಲಿಯಲು ಕೂತು, ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದಳು. ನಾನು ಕಣ್ಣರಳಿಸಿ ನೋಡುತ್ತಿದ್ದೆ. ಆಕೆ ತಲೆ ಎತ್ತದೆ, "ಹತ್ರ ಬಂದಿದ್ರು. ಮುಟ್ಲಿಲ್ಲ. ಹೋಗು, ಓದ್ಕೋ," ಎಂದಳು.

ನಾನು ಪಾಸಾದೆ, ರಾಯಚೂರಿಗೆ ಹೋದೆ, ಲೆಕ್ಕದ ಟೀಚರಾದೆ. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಲಿಮಿಟ್ ಪಾಠ ಬಂದ ದಿನವೆಲ್ಲ ಆಕೆ ನೆನಪಾಗಿ, ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಂಡಿದ್ದೇನೆ. ಮಕ್ಕಳು ಸುಣ್ಣದ ಕಡ್ಡಿಯ ಧೂಳು ಅಂದುಕೊಂಡಿರಬೇಕು.

ಈಗ ಪಕ್ಕದ ಮನೆಯ ಬಿಎಸ್ಸಿ ಹುಡುಗಿ ಮತ್ತು ಅವಳ ಸಹಪಾಠಿ ಹುಡುಗ ನನ್ನ ಹತ್ತಿರ ಪಾಠಕ್ಕೆ ಬರುತ್ತಾರೆ. ಬಲು ಮುಂದುವರಿದ ಹೆಂಗಸು ಎಂದು ನನ್ನ ಬಗ್ಗೆ ನನಗೇ ಹೆಮ್ಮೆ. ಆದರೂ ಮೊನ್ನೆ ಅದು ಹೇಗೋ ಅಜ್ಜಿಯ ಹಳೆಯ ಮೊರ ತಂದು, ಅವರಿಬ್ಬರ ನಡುವೆಯೇ ಕೂತುಬಿಟ್ಟಿದ್ದೆ.

"ಟೀಚರ್, ಇದು ಪ್ಯಾಕೆಟ್ ಅಕ್ಕಿ. ಇದರಾಗ ಏನ್ ಹುಡುಕಾಕತ್ತೀರಿ?" ಎಂದು ಹುಡುಗಿ ನಕ್ಕಳು.

ಆಕೆಯ ಅಪ್ಪ ಹಿಂದಿನ ದಿನವಷ್ಟೇ ನಮ್ಮ ಗೇಟಿನ ಹತ್ತಿರ ನಿಂತು, ಛಲೋ ಸಂಬಂಧ ಬಂದಿದೆ, ಪರೀಕ್ಷೆವರೆಗೆ ಯಾಕೆ ಕಾಯಬೇಕು ಅಂದಿದ್ದ. ಅದಿನ್ನೂ ಅವಳಿಗೆ ಗೊತ್ತಿಲ್ಲ.

"ಹಳ್ಳು," ಎಂದೆ. "ಸಿಕ್ಕರೆ ಎತ್ತಿಡಬೇಕವ್ವಾ. ಬೇಕಾಗುತ್ತದೆ."