ಪಂಕ್ತಿಗೆ ಅಡ್ಡ ನಿಂತ ಕಂಬದ ವಿಷಯವಾಗಿ ಭೂಕಂಪಕ್ಕೊಂದು ಅಹವಾಲು

ಮಾನ್ಯ ಭೂಕಂಪನವರೇ,

ತಾವು ಭೂಗರ್ಭದಲ್ಲಿ ಸುಖವಾಗಿ ಪವಡಿಸಿದ್ದೀರೆಂದು ನಂಬಿ, ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಬಸ್ಸು ಮನಸ್ಸಾದಾಗ ಮಾತ್ರ ನಿಲ್ಲುವ ನಮ್ಮೂರಿನ ಪರವಾಗಿ ತಮಗೆ ಸಾಷ್ಟಾಂಗ ವಂದನೆಗಳು. ತಮ್ಮ ನಿದ್ದೆಗೆ ಭಂಗ ತರುವುದು ನನ್ನ ಉದ್ದೇಶವಲ್ಲ. ತಮ್ಮ ನಿದ್ದೆಯಿಂದ ನಮಗೆ ಭಂಗ ಬಂದಿದೆ ಎಂಬುದಷ್ಟೇ ನನ್ನ ದೂರು.

ಬೇರೆ ಕಡೆಯ ಜನ ತಾವು ಬಂದಿರೆಂದು ದೂರುತ್ತಾರೆ. ನಮ್ಮದು ತಾವು ಬಾರದ ದೂರು. ನಕ್ಷೆಯಲ್ಲಿ ನಮ್ಮ ಸೀಮೆಗೆ ಬಳಿದಿರುವ ಕಡಿಮೆ ಅಪಾಯದ ಬಣ್ಣವನ್ನು ನಮ್ಮವರು ಅಪಾಯವೇ ಇಲ್ಲವೆಂಬ ಸರ್ಟಿಫಿಕೇಟಾಗಿ ಓದಿಕೊಂಡು, ಕಬ್ಬಿಣದಲ್ಲಿ ಮಿತವಾಗಿ, ಸುಣ್ಣಬಣ್ಣದಲ್ಲಿ ಹಿತವಾಗಿ ಕಟ್ಟಡ ಕಟ್ಟುವುದನ್ನು ರೂಢಿಸಿಕೊಂಡಿದ್ದಾರೆ.

ನಮ್ಮ ಸಮುದಾಯ ಭವನವನ್ನೇ ತೆಗೆದುಕೊಳ್ಳಿ. ಕೆಳಗೆ ಊಟದ ಹಾಲ್, ಮೇಲೆ ಅಂಗನವಾಡಿ. ನನ್ನ ತಮ್ಮನ ಮಗಳು ಶಿವಾನಿ ಅಲ್ಲೇ ಶಿಶುಗೀತೆ ಕಲಿತು, ಪ್ರಾಸ ತಪ್ಪಿದರೆ ನನ್ನನ್ನೇ ತಿದ್ದುವ ಮಟ್ಟಕ್ಕೆ ಬಂದಿದ್ದಾಳೆ. ಊಟದ ಹಾಲಿನ ನಟ್ಟನಡುವೆ ಒಂದು ಕಂಬವಿದೆ. ಮಾಡಿರುವ ಅಪರಾಧ ಇಷ್ಟೇ: ಅದು ಪಂಕ್ತಿಗೆ ಅಡ್ಡ ನಿಂತಿದೆ. ಬಡಿಸುವವರು ಬಕೆಟ್ಟು ಹಿಡಿದು ಓಡುತ್ತಾ ಬಂದು, ಕಂಬವನ್ನು ಬಳಸಿಕೊಂಡು ಆಚೆಗೆ ಜಿಗಿಯುವಾಗ, ಅದರ ಮಗ್ಗುಲಲ್ಲಿ ಕೂತವರ ಎಲೆ ಪ್ರತಿ ಸಲವೂ ತಪ್ಪಿಹೋಗುತ್ತದೆ.

ಹೋದ ಮದುವೆಯಲ್ಲಿ ಆ ಎಲೆ ಗಂಡಿನ ಸೋದರಮಾವ ಚಿಕ್ಕಬಸಪ್ಪನವರದಾಗಿತ್ತು. ಒಬ್ಬಟ್ಟು ತಪ್ಪಿತು, ಎಲೆಯನ್ನು ಮುಂದಕ್ಕೆ ಸರಿಸಿದರು. ಪಾಯಸ ತಪ್ಪಿತು, ಕೆಮ್ಮಿದರು. ರಸಬಾಳೆಹಣ್ಣೂ ತಪ್ಪಿದಾಗ ಎಲೆ ಮಡಿಸಿ, ಪಂಕ್ತಿ ಏಳುವ ಮೊದಲೇ ಎದ್ದುಬಿಟ್ಟರು. “ಬೀಗ್ರು ಅಂತ ಕರ್ದು ಕಂಬುಕ್ಕೆ ಕಟ್ಟಾಕುದ್ರಲ್ಲೋ!” ಎಂದು ಅವರು ಕೂಗಿದ್ದು ಅಡುಗೆಮನೆಯವರೆಗೂ ಕೇಳಿಸಿತು. ತಾವು ಎಷ್ಟೇ ಪ್ರಯತ್ನಪಟ್ಟರೂ ನಮ್ಮೂರನ್ನು ಅಷ್ಟು ಅಲುಗಿಸಲಾರಿರಿ.

ಮಾರನೆಯ ವಾರವೇ ಭವನ ಸಮಿತಿಯ ಅಧ್ಯಕ್ಷ ಬಸವಪ್ರಸಾದರು ಕಂಬವನ್ನು ಕೊಯ್ದು ತೆಗೆಯುವ ಠರಾವು ಮಂಡಿಸಿದರು. ಕೊಯ್ಯುವ ಮೆಷಿನ್ನನ್ನೂ ಗೊತ್ತುಮಾಡಿದ್ದಾಯಿತು. ವಿಷಯ ತಿಳಿದು ನರಸೀಪುರದಿಂದ ಇಂಜಿನಿಯರ್ ಭಾನುಪ್ರಿಯಾ ಬಂದು, ಮೇಲಿನ ಭಾರವೆಲ್ಲ ತೊಲೆಗಳಿಂದ ಈ ಕಂಬಕ್ಕೇ ಇಳಿಯುತ್ತದೆಂದೂ, ಕೆಳಗೆ ಗೋಡೆಗಳಿಲ್ಲದ ಬಯಲು ಹಾಲ್ ಆದ್ದರಿಂದ ನೆಲ ಅಡ್ಡಡ್ಡ ಅಲುಗಿದರೆ ಪೆಟ್ಟೆಲ್ಲ ಮೊದಲು ಕೆಳಗಿನ ಕಂಬಗಳಿಗೇ ಬೀಳುತ್ತದೆಂದೂ, ಕೊಯ್ಯುವ ಬದಲು ಇದಕ್ಕೆ ಇನ್ನಷ್ಟು ಕಬ್ಬಿಣ ಸುತ್ತಿ ದಪ್ಪ ಮಾಡಬೇಕೆಂದೂ ವಿವರಿಸಿದರು. ದಪ್ಪ ಎಂಬ ಮಾತು ಕೇಳಿ, ಸಮಾಧಾನಕ್ಕೆಂದು ಸಮಿತಿಗೆ ಸೇರಿಸಿಕೊಂಡಿದ್ದ ಚಿಕ್ಕಬಸಪ್ಪನವರು ಮತ್ತೆ ಕೆಮ್ಮಿದರು. “ಭೂಕಂಪ ನಮ್ಕಡೆ ಯಾವತ್ತವ್ವಾ ಬಂದದೆ? ಬೀಗ್ರು ವರ್ಸ ವರ್ಸ ಬತ್ತಾರೆ” ಎಂದರು ಅಧ್ಯಕ್ಷರು. ಮಾನ್ಯರೇ, ಈ ತರ್ಕಕ್ಕೆ ತಮ್ಮಲ್ಲಿ ಉತ್ತರವಿದೆಯೇ?

ನಾನೂ ನನ್ನ ಕೈಲಾದ ಸೇವೆಯೆಂದು ಕಂಬದ ಮೇಲೆ ಇದ್ದಿಲಿನಲ್ಲಿ ಬರೆದೆ:

ಕಂಬವಿದ್ದರೆ ತಾನೆ ತಲೆಯ ಮೇಲೆ ಸೂರು,
ಕಂಬ ಹೋದಮೇಲೆ ಎಲೆಗೆ ಬಡಿಸುವವರ್ಯಾರು?

“ಪ್ರಾಸ ಚೆನ್ನಾಗದೆ ಕಣ್ರೀ. ಕಂಬದ ಜೊತೆಗೇ ಓಗ್ಲಿ” ಎಂದು ಸಮಿತಿ ಮೆಚ್ಚಿತು.

ಕೊನೆಗೆ ಭಾನುಪ್ರಿಯಾ ಬಹಳ ವಿನಯದಿಂದ ಒಂದೇ ಷರತ್ತು ಹಾಕಿದರು. “ಕೊಯ್ಸಿ ಸಾ, ನಂದೇನೂ ಅಡ್ಡಿ ಇಲ್ಲ. ಕೊಯ್ಯೋವಾಗ ಮಕ್ಕಳ್ನ ಮನೆಗೆ ಕಳ್ಸಿ, ಸಮಿತಿಯೋರು ಮೇಲ್ಗಡೆ ಅವ್ರ ಚಾಪೆ ಮೇಲೆ ಕೂತಿರಿ.” ಆಗ ನಡೆದದ್ದನ್ನು ತಾವು ನೋಡಬೇಕಿತ್ತು. ಅಧ್ಯಕ್ಷರಿಗೆ ಸುತ್ತೂರಿನಲ್ಲಿ ತುರ್ತು ಕೆಲಸ ನೆನಪಾಯಿತು. ಚಿಕ್ಕಬಸಪ್ಪನವರಿಗೆ ಮೆಟ್ಟಿಲು ಹತ್ತಲಾಗದಂಥ ಮಂಡಿನೋವು ನಿಂತಲ್ಲೇ ಬಂತು. ನೆಲ ನಡುಗದೆ ಮಂಡಿಗಳು ನಡುಗಿದ್ದನ್ನು ನಾನು ಕಣ್ಣಾರೆ ಕಂಡೆ. ತಮ್ಮ ಮೇಲೆ ನಮ್ಮವರಿಗೆ ನಂಬಿಕೆಯಿಲ್ಲವೆಂದು ಇಷ್ಟು ದಿನ ತಪ್ಪು ತಿಳಿದಿದ್ದೆ. ಇದೆ, ಮೇಲೆ ಕೂರಬೇಕಾದವರು ಅವರೇ ಆದಾಗ ಮಾತ್ರ.

ಸದ್ಯಕ್ಕೆ, ಮೇಲೆ ಕೂರುವವರು ಸಿಗುವವರೆಗೆ ಕಂಬ ಕೊಯ್ಯುವುದನ್ನು ಮುಂದೂಡಲಾಗಿದೆ. ದಪ್ಪ ಮಾಡುವ ವಿಚಾರವನ್ನೂ ಅಷ್ಟೇ ಗೌರವದಿಂದ ಮುಂದೂಡಲಾಗಿದೆ.

ಆದ್ದರಿಂದ ತಮ್ಮಲ್ಲಿ ಬಿನ್ನಹ. ಆ ಕಬ್ಬಿಣ ಸುತ್ತುವವರೆಗೆ ದಯಮಾಡಿ ಮಗ್ಗುಲು ಬದಲಿಸಬೇಡಿ. ಮೈ ನೊಂದು ಬದಲಿಸಲೇಬೇಕಾದರೆ ತಲಕಾಡಿನ ಮರಳ ಕಡೆಗೆ ಹೊರಳಬೇಡಿ. ನೀರು ಕುಡಿದ ಮರಳನ್ನು ಜೋರಾಗಿ ಅಲುಗಿಸಿದರೆ ಅದು ಗಂಜಿಯಂತಾಗುವುದುಂಟೆಂದು ಇಂಜಿನಿಯರಮ್ಮ ಹೇಳಿದ್ದಾರೆ. ನಮ್ಮೂರಿಗೇ ಬರುವುದಾದರೆ, ಅಂಗನವಾಡಿಯ ಸ್ಟೀಲು ಲೋಟಗಳು ಕಿಣಿಕಿಣಿ ಎನ್ನುವಷ್ಟು ಮಾತ್ರ ಬನ್ನಿ. ಅಷ್ಟಕ್ಕೆ ತೃಪ್ತಿಯಾಗದ ಪಕ್ಷದಲ್ಲಿ ಭಾನುವಾರ ಮಧ್ಯಾಹ್ನ ಬನ್ನಿ. ಅಂದು ಮೇಲೆ ಮಕ್ಕಳಿರುವುದಿಲ್ಲ. ಕೆಳಗೆ ಸಮಿತಿಯವರು ಊಟಕ್ಕೆ ಕೂತಿರುತ್ತಾರೆ.

ತಾವು ಬಾರದಿರಲೆಂದೇ ಬರೆದಿರುವ
ತಮ್ಮ ವಿಶ್ವಾಸಿ,
ರವಿಚಂದ್ರ

ಮರೆತ ವಿಷಯ: ಭಾನುಪ್ರಿಯಾ ಅವರ ಸಲಹೆಯಂತೆ ಈಗ ಬಡಿಸುವುದನ್ನು ಕಂಬದ ಮಗ್ಗುಲಿನ ಎಲೆಯಿಂದಲೇ ಶುರುಮಾಡುತ್ತಿದ್ದಾರೆ. ಮೊದಲ ಒಬ್ಬಟ್ಟು ಅಲ್ಲಿ ಬೀಳುವುದರಿಂದ ಆ ಜಾಗಕ್ಕೆ ನೂಕುನುಗ್ಗಲಾಗಿ, ಚಿಕ್ಕಬಸಪ್ಪನವರೂ ಅಧ್ಯಕ್ಷರೂ ಮೊನ್ನೆ ಕೈಕೈ ಮಿಲಾಯಿಸುವುದರಲ್ಲಿದ್ದರು. ಜಗಳ ತಪ್ಪಿಸಲು ಹಾಲಿನಲ್ಲಿ ಇನ್ನೊಂದು ಕಂಬ ಎಬ್ಬಿಸುವುದೆಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿದೆ. ಅದರ ಕಬ್ಬಿಣವನ್ನು ಹಳೆಯದಕ್ಕೇ ಸುತ್ತಬಾರದೇ ಎಂದು ಕೇಳಿದೆ. ಅದರಿಂದ ಕಂಬದ ಮಗ್ಗುಲಿನ ಎಲೆ ಹೆಚ್ಚುವುದಿಲ್ಲವಂತೆ.