ಗುರುವಾರಕ್ಕೊಬ್ಬ ಅತಿಥಿ

ನಮ್ಮ ಭಾವನ ಎದುರಿಗೆ ಯಾರೂ ಎರಡು ವಾಕ್ಯ ಜೋಡಿಸಿ ಮಾತಾಡಬಾರದು. ಮೂರನೆಯ ವಾಕ್ಯ ಬಾಯಿಂದ ಹೊರಡುವಷ್ಟರಲ್ಲಿ ಅವರ ಹೆಗಲಿಗೆ ಶಾಲು ಬಿದ್ದಿರುತ್ತದೆ! ಉತ್ಪ್ರೇಕ್ಷೆ ಎನ್ನುತ್ತೀರಾ? ಪುತ್ತೂರಿಗೆ ಬಂದು ವಿಚಾರಿಸಿ ನೋಡಿ. ಆದರೆ ಸ್ವಲ್ಪ ತೊದಲುತ್ತಾ ವಿಚಾರಿಸಿ. ಸ್ಪಷ್ಟ ಉಚ್ಚಾರದಲ್ಲಿ ಕೇಳಿದಿರೋ, ಮುಂದಿನ ಗುರುವಾರ ನೀವೇ ಮುಖ್ಯ ಅತಿಥಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಪೇಟೆಯಲ್ಲಿ ಪಂಪು, ಸ್ಪ್ರೇಯರ್ ಮಾರುವ ಅಂಗಡಿ ಇಟ್ಟಿದ್ದಾರೆ. ಅದು ಹೊಟ್ಟೆಪಾಡಿಗೆ. ಜೀವ ಇರುವುದು ಮಾತ್ರ ಊರಿನ ಸೇವಾ ಕ್ಲಬ್ಬಿನಲ್ಲಿ. ಕ್ಲಬ್ಬು ಪ್ರತಿ ಗುರುವಾರ ಸಂಜೆ ಸೇರುತ್ತದೆ. ಅಧ್ಯಕ್ಷರು ಕೊರಳಿಗೆ ಪದಕದ ಪಟ್ಟಿ ಹಾಕಿಕೊಂಡು ಗಂಟೆ ಬಾರಿಸುತ್ತಾರೆ, ಪ್ರಾರ್ಥನೆ ಆಗುತ್ತದೆ, ಹುಟ್ಟುಹಬ್ಬದವರಿಗೆ ಹೂ ಸಿಗುತ್ತದೆ. ಆಮೇಲೆ ಅತಿಥಿಯ ಭಾಷಣ. ಆಮೇಲೆ ಊಟ. ಸದಸ್ಯರು ಯಾವುದಕ್ಕೆ ಬರುತ್ತಾರೆಂದು ನಾನು ಹೇಳಬೇಕೇ? ಆ ಅತಿಥಿಯ ಪಾಡು ಯೋಚಿಸಿ! ಎದುರಿಗೆ ಹಸಿದ ಸಭೆ, ಬೆನ್ನ ಹಿಂದೆ ಮುಚ್ಚಳದ ಸಂದಿಯಿಂದ ಹಬೆಯಾಡುವ ಪಾಯಸ, ನಡುವೆ ಅವರೊಬ್ಬರೇ. ಇಂಥ ಜಾಗಕ್ಕೆ ವಾರಕ್ಕೊಬ್ಬ ಮನುಷ್ಯನನ್ನು ಹಿಡಿದು ತರುವ ಹುದ್ದೆ ಭಾವನದು. ಕ್ಲಬ್ಬಿನಲ್ಲಿ ವರ್ಷವರ್ಷವೂ ಎಲ್ಲ ಹುದ್ದೆಗಳಿಗೂ ಪೈಪೋಟಿ ನಡೆಯುತ್ತದೆ. ಇದೊಂದಕ್ಕೆ ಇಲ್ಲ.

ರಾಮಕುಂಜದಲ್ಲಿ ಒಂದು ಮದುವೆಗೆ ಹೋಗಿದ್ದೆವು. ನಮ್ಮ ಪಂಕ್ತಿಯಲ್ಲಿ ಕೂತವರೊಬ್ಬರು ಬಡಿಸುವವನನ್ನು ನಿಲ್ಲಿಸಿ, "ಸಾರಿಗೆ ಉಪ್ಪು ಕಡಿಮೆ ಉಂಟು. ಕಡಿಮೆಯಾದ್ರೆ ಹಾಕ್ಲಿಕ್ಕಾಗ್ತದೆ, ಜಾಸ್ತಿಯಾದ್ರೆ ತೆಗೀಲಿಕ್ಕಾಗುದಿಲ್ಲ" ಎಂದರು. ಅಷ್ಟೇ. ಭಾವ ಮಜ್ಜಿಗೆಗೂ ಕಾಯದೆ ಎದ್ದು ಕೈತೊಳೆಯುವಲ್ಲಿ ಅವರನ್ನು ಅಡ್ಡಗಟ್ಟಿದರು. ಮುಂದಿನ ಗುರುವಾರ ಆ ಮನುಷ್ಯ ನಮ್ಮ ವೇದಿಕೆಯಲ್ಲಿ! ವಿಷಯ, 'ಸಮತೋಲನ ಆಹಾರ, ಸಮತೋಲನ ಬದುಕು'. ಪಾಪ, ಅವರು ಮರದ ವ್ಯಾಪಾರಿ. ಬದುಕಿನಲ್ಲಿ ಆಹಾರದ ಬಗ್ಗೆ ಆಡಿದ್ದೇ ಆ ಎರಡು ಮಾತು. ಅವನ್ನೇ ಹಿಂದುಮುಂದಾಗಿ ಮುಕ್ಕಾಲು ಗಂಟೆ ಆಡಿದರು. ಕೊನೆಗೆ ನಮ್ಮ ಜೊತೆ ಊಟಕ್ಕೆ ಕೂತು, ಸಾರು ಬಾಯಿಗಿಟ್ಟು, ಮೂರನೆಯ ಮಾತಾಡಿದರು: "ಇಲ್ಲಿ ಜಾಸ್ತಿಯಾಗಿದೆ."

ಭಾಷಣಕಾರ ಹೇಗೇ ಇರಲಿ, ಅವರನ್ನು ಪರಿಚಯಿಸುವುದರಲ್ಲಿ ಭಾವನನ್ನು ಮೀರಿಸಿದವರಿಲ್ಲ. ಹಿಂದಿನ ದಿನವೇ ಫೋನು ಹಚ್ಚಿ ಅತಿಥಿಯ ಓದು, ಉದ್ಯೋಗ, ಅಜ್ಜನ ಮನೆ, ಮಕ್ಕಳ ಅಂಕ, ಎಳವೆಯ ಕನಸು, ಎಲ್ಲವನ್ನೂ ಬಗೆದು ತೆಗೆಯುತ್ತಾರೆ. ಸಭೆಯಲ್ಲಿ ಅದನ್ನೆಲ್ಲ ನೀಟಾಗಿ ಹರಡುತ್ತಾರೆ. ಎಷ್ಟೋ ಅತಿಥಿಗಳು ತಮ್ಮ ಪರಿಚಯ ಕೇಳುತ್ತಾ, ಇಷ್ಟು ದೊಡ್ಡ ಮನುಷ್ಯ ಇನ್ನೂ ಬರಲಿಲ್ಲವಲ್ಲ ಎಂದು ಬಾಗಿಲ ಕಡೆ ನೋಡಿದ್ದುಂಟು.

ಒಮ್ಮೆ ಕುಟುಂಬ ಸಮೇತ ಸಭೆ. ವಿಷಯ 'ಸುಖೀ ದಾಂಪತ್ಯದ ಗುಟ್ಟು'. ಮಡಿಕೇರಿಯಿಂದ ಬರಬೇಕಿದ್ದ ತಜ್ಞರು ಸಂಪಾಜೆಯ ಘಾಟಿಯಲ್ಲಿ ಮಗುಚಿದ ಲಾರಿಯ ಹಿಂದೆ ಸಿಕ್ಕಿಬಿದ್ದರು. ಇಲ್ಲಿ ಬ್ಯಾನರ್ ಕಟ್ಟಿ ಆಗಿದೆ! ಆ ಹೊತ್ತಿಗೆ ಭಾವನ ಅಂಗಡಿಯಲ್ಲಿ ಪಂಪು ರಿಪೇರಿಗೆ ತಂದು ಕೂತಿದ್ದವರು ಕೊಯಿಲದ ಒಬ್ಬ ನಿವೃತ್ತ ಪಶುವೈದ್ಯರು. ಅವರನ್ನೇ ಕಾರಿಗೆ ಹತ್ತಿಸಿದರು.

"ನನಗೆ ದನದ ವಿಷಯ ಬಿಟ್ರೆ ಬೇರೆ ಎಂತದೂ ಗೊತ್ತಿಲ್ಲ ಮಾರಾಯ್ರೆ."

"ಎಲ್ಲ ಒಂದೇ ಡಾಕ್ಟ್ರೆ. ಪ್ರೀತಿ ಮುಖ್ಯ."

ಡಾಕ್ಟರು ಪ್ರಾಮಾಣಿಕ ಮನುಷ್ಯ. ವೇದಿಕೆ ಹತ್ತಿ, ಬ್ಯಾನರ್ ಓದಿ, ಬೆವರೊರೆಸಿ ಶುರುಮಾಡಿದರು. "ಮೊದಲನೆಯದಾಗಿ, ಹಿಂದಿನಿಂದ ಹೋಗ್ಬಾರ್ದು. ಹೆದರ್ತದೆ, ಒದೀತದೆ. ಎದುರಿನಿಂದ ಹೋಗಿ, ಹೆಸರು ಹಿಡಿದು ಕರೆದು, ಮೆಲ್ಲ ಕುತ್ತಿಗೆ ಸವರ್ಬೇಕು. ದಿನಾ ಒಂದೇ ಮೇವು ಹಾಕ್ಬಾರ್ದು. ಬೈದ್ರೆ ಹಾಲು ಕಡಿಮೆಯಾಗ್ತದೆ." ಗಂಡಸರು ಛಾವಣಿ ನೋಡುತ್ತಿದ್ದರು. ಹೆಂಗಸರ ಕಡೆಯಿಂದ ಮಾತ್ರ ಚಪ್ಪಾಳೆಯೋ ಚಪ್ಪಾಳೆ! ಆಗಿನ ಅಧ್ಯಕ್ಷರ ಹೆಂಡತಿ ಎದ್ದು ನಿಂತು, "ಇದನ್ನೇ ಚೀಟಿಯಲ್ಲಿ ಬರೆದು ಕೊಡಿ ಡಾಕ್ಟ್ರೆ. ಇವರಿಗೆ ದಿನಕ್ಕೆ ಮೂರು ಹೊತ್ತು" ಎಂದರು.

ಇನ್ನು ಮಂಗಳೂರಿನಿಂದ ಬಂದ ವ್ಯಕ್ತಿತ್ವ ವಿಕಸನದ ತರಬೇತುದಾರರು. ಕಪ್ಪು ಕೋಟು, ಕೆನ್ನೆಗೆ ಅಂಟಿಕೊಂಡ ಮೈಕು. ಬಂದವರೇ ಎಲ್ಲರನ್ನೂ ಎಬ್ಬಿಸಿ, ಬಲಗೈ ಮೇಲಕ್ಕೆತ್ತಿಸಿ, "ನಾನು ಹುಲಿ!" ಎಂದು ಕೂಗಿಸತೊಡಗಿದರು. ದಂತವೈದ್ಯರು ಹುಲಿಯಾದರು, ಸಿಮೆಂಟ್ ವ್ಯಾಪಾರಿಗಳು ಹುಲಿಯಾದರು, ಕೂತರೆ ಏಳಲಾಗದ ಮಂಡಿನೋವಿನ ಮಾಷ್ಟ್ರೂ ಕುರ್ಚಿ ಹಿಡಿದುಕೊಂಡು ಹುಲಿಯಾದರು. ಸುಳ್ಯದ ಕಡೆಯ ಒಬ್ಬ ಹಿರಿಯ ತೋಟದ ಧನಿ ಮಾತ್ರ ಕೈಕಟ್ಟಿ ಕೂತೇ ಇದ್ದರು.

"ಯಾಕೆ ಸರ್? ನಿಮ್ಮೊಳಗೆ ಹುಲಿ ಇಲ್ವಾ?"

"ಇರ್ಬಹುದು. ಆದ್ರೆ ಅರಣ್ಯ ಇಲಾಖೆಯವರಿಗೆ ಗೊತ್ತಾದ್ರೆ ಮತ್ತೆ ನನ್ನ ತೋಟಕ್ಕೆ ನನ್ನನ್ನೇ ಬಿಡ್ಲಿಕ್ಕಿಲ್ಲ!"

ಆಮೇಲೆ ತರಬೇತಿ ಮುಂದೆ ಸಾಗಲಿಲ್ಲ. ಊಟದ ಹೊತ್ತಿಗೆ ನೋಡಿದರೆ ಹುಲಿಗಳ ಗುರು ಎರಡು ಇಡ್ಲಿ, ಒಂದು ಲೋಟ ಬಿಸಿನೀರು ಇಟ್ಟುಕೊಂಡು ಮೂಲೆಯಲ್ಲಿ ಕೂತಿದ್ದರು. ಗ್ಯಾಸ್ಟ್ರಿಕ್ ಅಂತೆ.

ಹೀಗೆ ಸಾಗುತ್ತಿದ್ದ ಗಾಡಿಗೆ ಈ ವರ್ಷ ಹೊಸ ಅಧ್ಯಕ್ಷರು ಬಂದು ಕಲ್ಲಿಟ್ಟರು. ಟೈಲ್ಸ್ ಅಂಗಡಿಯ ಯುವಕ. ಎಲ್ಲದರಲ್ಲೂ ಚುರುಕು. ಒಂದು ಗುರುವಾರ ಎದ್ದು ನಿಂತು, "ಭಾಷಣ ಯಾರಿಗೆ ಬೇಕು? ಎಲ್ಲ ಮೊಬೈಲಲ್ಲಿ ಸಿಗ್ತದೆ. ಇನ್ನು ಆ ಹೊತ್ತಿಗೆ ತಂಬೋಲ ಆಡುವ, ನಂಬರ್ ಕೂಗಿದ ಹಾಗೆ ಟಿಕೆಟಲ್ಲಿ ಹೊಡೆದು ಬಹುಮಾನ ಗೆಲ್ಲುವ. ಮುಂದಿನ ವಾರ ಕುಟುಂಬ ಸಮೇತ ಬನ್ನಿ, ಕೈ ಎತ್ತಿಸಿ ತೀರ್ಮಾನ ಮಾಡುವ" ಎಂದರು. ಸಭೆಯ ಮುಖ ಹೇಗೆ ಅರಳಿತು ಅಂತೀರಿ! ಅದೆಷ್ಟೋ ವರ್ಷಗಳ ಭಾಷಣಗಳಿಂದ ಅರಳದ ವ್ಯಕ್ತಿತ್ವಗಳೆಲ್ಲ ಒಂದೇ ಕ್ಷಣದಲ್ಲಿ ವಿಕಸನಗೊಂಡವು.

ಭಾವ ಮನೆಗೆ ಹೋಗುವಾಗ ಕಾರಿನಲ್ಲಿ ನನ್ನ ಹತ್ತಿರ ಮಾತ್ರ ಹೇಳಿದರು. "ಅಲ್ಲ ಮಾರಾಯ, ವಾರಕ್ಕೊಮ್ಮೆಯಾದ್ರೂ ಮನುಷ್ಯ ಇನ್ನೊಬ್ಬ ಹೇಳುದನ್ನು ಸುಮ್ನೆ ಕೂತು ಕೇಳ್ಬೇಕಲ್ವಾ? ಅದೂ ಬೇಡ ಅಂತಾದ್ರೆ ನಾವೆಲ್ಲ ಸೇರುದು ಎಂತಕ್ಕೆ?" ತಮಾಷೆ ಮಾಡಬೇಕೆಂದಿದ್ದ ನಾನು ಮುಂದಿನ ವಾರದ ಅತಿಥಿ ಯಾರೆಂದು ಕೇಳಿದೆ.

ಮತದಾನದ ಗುರುವಾರಕ್ಕೆ ಭಾವ ಭರ್ಜರಿ ಬೇಟೆಯನ್ನೇ ಗುರುತಿಸಿದ್ದರು. ಸುಳ್ಯದ ನೆಂಟರ ಮನೆಗೆ ಬಂದಿದ್ದ ನಿವೃತ್ತ ನ್ಯಾಯಾಧೀಶರು. ಇವರ ಮಾತು ಕೇಳಿದ ಮೇಲೆ ತಂಬೋಲದ ಹೆಸರೆತ್ತುವ ಧೈರ್ಯ ಯಾರಿಗಿದೆ? ಆದರೆ ಸಂಜೆ ನಾಲ್ಕಕ್ಕೆ ಫೋನು ಬಂತು. ನೆಂಟರ ಮನೆಯ ಐಸ್‌ಕ್ರೀಮಿಗೆ ನ್ಯಾಯಾಧೀಶರ ಗಂಟಲು ಕೂತುಬಿಟ್ಟಿದೆ!

ಭಾವ ನನ್ನನ್ನೂ ಎಳೆದುಕೊಂಡು ಪೇಟೆಗಿಳಿದರು. ಅವರ ಮುಖ ನೋಡಿಯೇ ಊರಿಗೆ ಅರ್ಥವಾಗಿತ್ತು. ಹೋಟೆಲಿನ ಧನಿಗಳು ಗಲ್ಲಾದ ಕೆಳಗೆ ಬಗ್ಗಿ, ಬೀಳದ ನಾಣ್ಯ ಹುಡುಕತೊಡಗಿದರು. ಪರಿಚಯದ ವಕೀಲರೊಬ್ಬರು ಭಾವನ ಕಾರು ಕಂಡದ್ದೇ ಎದುರಿಗೆ ನಿಂತಿದ್ದ ಬಸ್ಸು ಹತ್ತಿದರು. ಅದು ಕಡಬಕ್ಕೆ ಹೋಗುವ ಬಸ್ಸು. ಅವರ ಮನೆ ಇರುವುದು ಪುತ್ತೂರಿನಲ್ಲಿ!

"ನೀನೇ ಮಾತಾಡು ಮಾರಾಯ."

"ನಾನು ಇದೇ ವರ್ಷ ಎರಡು ಸಲ ಮಾತಾಡಿದ್ದೇನೆ ಭಾವ. ನನ್ನನ್ನು ನಿಲ್ಲಿಸಿದ್ರೆ ನಾನೇ ತಂಬೋಲಕ್ಕೆ ಕೈ ಎತ್ತುತ್ತೇನೆ."

ಬರಿಗೈಯಲ್ಲಿ ಮನೆಗೆ ಬಂದೆವು. ಅಕ್ಕ ಚಾ ತಂದಿಟ್ಟು, ಭಾವನ ಕ್ಲಬ್ಬಿನ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ತಲೆ ಎತ್ತದೆ ಹೇಳಿದಳು.

"ನಾನು ಮಾತಾಡ್ತೇನೆ."

ಭಾವ ನಕ್ಕರು. ಆಮೇಲೆ ಅವಳು ನಗುತ್ತಿಲ್ಲವೆಂದು ಗೊತ್ತಾಗಿ ನಿಲ್ಲಿಸಿದರು. "ನೀನಾ? ಎಂತದ್ರ ಬಗ್ಗೆ?"

"ಅದು ಮೈಕಿನೆದುರು ನಿಂತ ಮೇಲೆ ಗೊತ್ತಾಗ್ತದೆ. ನಿಮ್ಮ ಅತಿಥಿಗಳಿಗೂ ಹಾಗೇ ಅಲ್ವಾ?"

ಬೇರೆ ದಾರಿ ಇರಲಿಲ್ಲ. ಅಕ್ಕ ಸೀರೆ ಬದಲಿಸಿ ಹೊರಟಳು. ಸಭೆ ತುಂಬಿತ್ತು. ಅಧ್ಯಕ್ಷರ ಮೇಜಿನ ಮೇಲೆ ತಂಬೋಲದ ಟಿಕೆಟಿನ ಕಟ್ಟು ಆಗಲೇ ಬಂದು ಕೂತಿತ್ತು. ಭಾವ ಎಂದಿನಂತೆ ಅತಿಥಿಯ ಪರಿಚಯಕ್ಕೆ ಎದ್ದು ಮೈಕು ಹಿಡಿದರು.

"ಇವತ್ತಿನ ಅತಿಥಿಗಳು... ನಮ್ಮ ಮನೆಯವರು." ಸಭೆ ನಕ್ಕಿತು. "ಹುಟ್ಟಿದ್ದು ರಾಮಕುಂಜದ ಹತ್ತಿರ. ಓದಿದ್ದು ಬಿ.ಎ..."

"ಬಿ.ಎಸ್ಸಿ." ಅಕ್ಕ ಕುರ್ಚಿಯಿಂದಲೇ ತಿದ್ದಿದಳು. ಸಭೆ ಇನ್ನೂ ಜೋರಾಗಿ ನಕ್ಕಿತು.

"ಹೌದು, ಬಿ.ಎಸ್ಸಿ. ಇವರ ಹವ್ಯಾಸ..." ಭಾವ ನಿಂತರು. ಅಕ್ಕನ ಕಡೆ ನೋಡಿದರು. "ಇವರ ಹವ್ಯಾಸ..." ಊರವರ ಅಜ್ಜನ ಮನೆ, ಎಳವೆಯ ಕನಸು ಎಲ್ಲ ಬಲ್ಲ ಮನುಷ್ಯ ಒಂದು ಮಾತಿಗಾಗಿ ತಡಕಾಡುತ್ತಿದ್ದರು. ಸಭೆ ಈಗ ನಗಲಿಲ್ಲ. "ನನಗೆ ಗೊತ್ತಿಲ್ಲ" ಎಂದು ಮೆಲ್ಲಗೆ ಹೇಳಿ ಬಂದು ಕೂತರು. ಕ್ಲಬ್ಬಿನ ಅತಿ ಚಿಕ್ಕ ಪರಿಚಯ ಅದೇ ಇರಬೇಕು.

ಅಕ್ಕ ಮೈಕನ್ನು ತನ್ನ ಎತ್ತರಕ್ಕೆ ಬಗ್ಗಿಸಿಕೊಂಡಳು. "ನೀವು ಎಲ್ಲ ಅತಿಥಿಗಳನ್ನು ಇಲ್ಲಿ ನೋಡಿದ್ದೀರಿ. ನಾನು ನಮ್ಮ ಜಗಲಿಯಲ್ಲಿ ನೋಡಿದ್ದೇನೆ. ಇವರು ಎಲ್ಲರನ್ನೂ ಮೊದಲು ಮನೆಗೆ ಚಾ ಕುಡೀಲಿಕ್ಕೆ ಕರ್ಕೊಂಡು ಬರುದಲ್ವಾ? ದೊಡ್ಡ ದೊಡ್ಡವರು ಬರ್ತಾರೆ. ಒಬ್ಬರು 'ಭಯವನ್ನು ಗೆಲ್ಲುವುದು ಹೇಗೆ' ಅಂತ ಮಾತಾಡ್ಲಿಕ್ಕೆ ಬಂದವರು. ಹೆದರಿಕೆಗೆ ಅಂಗಿಯ ಗುಂಡಿ ತಿರುಪಿ ತಿರುಪಿ ಕಿತ್ತೇ ಹಾಕಿದ್ರು! ನಾನೇ ಪಿನ್ನು ಚುಚ್ಚಿ ಕಳಿಸಿದೆ. ಇನ್ನೊಬ್ಬರು ಅಡುಗೆಮನೆ ಬಾಗಿಲಲ್ಲಿ ನಿಂತು ಇಡೀ ಭಾಷಣ ನನಗೆ ಓದಿ ಹೇಳಿ, ಹೇಗುಂಟು ಅಂತ ಕೇಳಿದ್ರು. ಮೂರನೇ ಪುಟ ಬಿಡಿ ಅಂದೆ. ಬಿಟ್ರು. ನೀವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಅವರಿಗೇ."

ಸಭೆಯಲ್ಲಿ ಯಾರ ಕಣ್ಣೂ ಊಟದ ಮೇಜಿನ ಕಡೆ ಇರಲಿಲ್ಲ.

"ಯಕ್ಷಗಾನದ ಒಬ್ಬ ವಯಸ್ಸಾದ ಕಲಾವಿದರು ಬಂದಿದ್ರು. ಲೋಟ ಕೆಳಗಿಟ್ಟು, 'ಅಮ್ಮ, ನೀವು ಕೇಳ್ಲಿಕ್ಕೆ ಬರುದಿಲ್ವಾ?' ಅಂದ್ರು. ಕೆಲಸ ಉಂಟು ಅಂದೆ. 'ಹಾಗಾದ್ರೆ ಇಲ್ಲೇ ಸ್ವಲ್ಪ ಹೇಳ್ತೇನೆ, ಕೂತ್ಕೊಳ್ಳಿ' ಅಂತ ನನಗೊಬ್ಬಳಿಗೇ ಒಂದು ಪ್ರಸಂಗದ ಅರ್ಥ ಹೇಳಿದ್ರು. ಅವತ್ತು ಅವರು ಸಭೆಗೆ ತಡ ಆದದ್ದು ಅದಕ್ಕೆ. ಇಷ್ಟೇ ನನಗೆ ಹೇಳ್ಲಿಕ್ಕಿದ್ದದ್ದು. ಮಾತಾಡುವವರಿಗೆ ಒಂದೇ ಒಂದು ಮುಖ ಬೇಕು, ಕೇಳ್ತಾ ಇದ್ದೇನೆ ಅನ್ನುವಂಥದ್ದು. ಊಟ ತಣೀತದೆ, ನಮಸ್ಕಾರ."

ಚಪ್ಪಾಳೆ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಯುವ ಅಧ್ಯಕ್ಷರು ಅಭ್ಯಾಸಬಲದಿಂದ, "ಪ್ರಶ್ನೆ ಇದ್ರೆ ಕೇಳ್ಬಹುದು" ಎಂದರು. ನಮ್ಮಲ್ಲಿ ಯಾರೂ ಕೇಳುವ ಪದ್ಧತಿಯಿಲ್ಲ. ಆದರೆ ಭಾವ ಎದ್ದು ನಿಂತರು. ಅಕ್ಕನನ್ನು ನೋಡಿ, ಜೀವಮಾನದಲ್ಲಿ ಮೊದಲ ಬಾರಿಗೆ ಬಹುವಚನದಲ್ಲಿ ಮಾತಾಡಿಸಿದರು.

"ನಿಮಗೆ... ಬಿ.ಎಸ್ಸಿ. ಆದ ಮೇಲೆ ಎಂತ ಮಾಡ್ಬೇಕು ಅಂತ ಇತ್ತು?"

ಅಕ್ಕ ಮೈಕನ್ನು ಮೊದಲಿನ ಎತ್ತರಕ್ಕೆ ಏರಿಸಿಟ್ಟಳು. "ಅದು ಉದ್ದ ಉಂಟು" ಎಂದಳು. "ಮನೆಗೆ ಹೋಗುವ. ಹೇಳ್ತೇನೆ."

ಊಟದ ಗಂಟೆ ಹೊಡೆಯಿತು. ಕೈ ಎತ್ತಿಸುವ ವಿಷಯವನ್ನು ಅಧ್ಯಕ್ಷರು ಎತ್ತಲಿಲ್ಲ, ನೆನಪಿಸಲು ಯಾರೂ ಹೋಗಲಿಲ್ಲ. ಟಿಕೆಟಿನ ಕಟ್ಟಿನ ಮೇಲೆ ಯಾರೋ ಪಾಯಸದ ಬಟ್ಟಲಿಟ್ಟಿದ್ದರು.

ನಾನು ತಟ್ಟೆ ಹಿಡಿದು ಇಬ್ಬರನ್ನೂ ಹುಡುಕಿದೆ. ಸಭಾಂಗಣದಲ್ಲಿ ಎಲ್ಲೂ ಇಲ್ಲ. ಊಟ ಬಿಟ್ಟು ಹೋದವರು ನಮ್ಮ ಕ್ಲಬ್ಬಿನಲ್ಲಿ ಹಿಂದೆ ಯಾರೂ ಇರಲಿಲ್ಲ! ಕಿಟಕಿಯಿಂದ ಇಣುಕಿದರೆ ಕೆಳಗೆ ಅಂಗಳದಲ್ಲಿ ಕಾರು ನಿಂತಲ್ಲೇ ಇತ್ತು, ಒಳಗಿನ ದೀಪ ಉರಿಯುತ್ತಿತ್ತು. ಮನೆ ಮುಟ್ಟುವವರೆಗೆ ಕಾಯಲು ಇಬ್ಬರಿಗೂ ಆಗಿರಲಿಲ್ಲವೆಂದು ಕಾಣುತ್ತದೆ. ಅಕ್ಕ ಎರಡೂ ಕೈ ಆಡಿಸುತ್ತಾ ಏನನ್ನೋ ಹೇಳುತ್ತಿದ್ದಳು. ಭಾವ ಸ್ಟೇರಿಂಗಿನ ಮೇಲೆ ಕೈಯಿಟ್ಟು, ಪೂರ್ತಿ ಅವಳ ಕಡೆ ತಿರುಗಿ ಕೂತಿದ್ದರು. ಅವರ ಬಾಯಿ ಒಂದು ಸಲವೂ ಅಲುಗಿದ್ದನ್ನು ನಾನು ಕಾಣಲಿಲ್ಲ.