ವಿಮಾನದಲ್ಲಿ ಒಂದೇ ಗಂಟೆ, ಎಂತ ಹೆದರಿಕೆ?

ಪುತ್ತೂರಿನಲ್ಲಿ ನನ್ನದೊಂದು ಟಿಕೇಟು ಬುಕಿಂಗ್ ಅಂಗಡಿ. ವಿಮಾನದ ಟಿಕೇಟು ಕೇಳಿ ಬರುವವರಲ್ಲಿ ಹೆಚ್ಚಿನವರು ಹೆದರಿಕೆಯನ್ನೂ ಜೊತೆಗೆ ಕರೆದುಕೊಂಡೇ ಬರುತ್ತಾರೆ. "ಮಂಗಳೂರಿಂದ ಬೆಂಗಳೂರಿಗೆ ಒಂದೇ ಗಂಟೆ, ಎಂತ ಹೆದರಿಕೆ ಮಾರಾಯ್ರೆ?" ಎಂದು ದಿನಕ್ಕೆ ಹತ್ತು ಸಲ ಧೈರ್ಯ ಹೇಳುವುದು ನನ್ನ ಕೆಲಸ. ಆದರೆ ನಾನೇ ವಿಮಾನ ಹತ್ತಿದವನಲ್ಲ. ನನಗೂ ಹೆದರಿಕೆಯೇ. ಇದು ಹೊರಗೆ ಗೊತ್ತಾದರೆ ನನ್ನ ಮಾತು ನಂಬಿ ಟಿಕೇಟು ಮಾಡಿಸುವವರು ಯಾರು?

ಘಾಟಿಯಲ್ಲಿ ನಿಧಾನ

ಅಜ್ಜಾವರದ ಹೆಂಗಸೊಬ್ಬರು ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೊರಟಿದ್ದರು. ಒಂದು ಗಂಟೆ ಎಂದದ್ದೇ ತಡ, ಮುಖ ಬಿಳಿಚಿತು.

"ಬಸ್ಸಿಗೆ ಎಂಟು ಗಂಟೆ ಬೇಕಲ್ಲ?"

"ಇದು ಸ್ಪೀಡ್ ಅಲ್ವಾ ಅಕ್ಕ."

"ಹಾಗಾದ್ರೆ ಸಂಪಾಜೆ ಘಾಟಿ ಬಂದಾಗ ನಿಧಾನ ಹೋಗ್ಲಿಕ್ಕೆ ಹೇಳಿ. ಆ ಸ್ಪೀಡಲ್ಲಿ ತಿರುವು ತಿರುಗಿಸಿದ್ರೆ ನಾನು ವಾಂತಿ ಮಾಡುದು ಗ್ಯಾರಂಟಿ."

ಪಕ್ಕದೂರಿಗೆ ವಿಮಾನ

ಸುಳ್ಯದ ವ್ಯಾಪಾರಿಯೊಬ್ಬರಿಗೆ ಕಣ್ಣೂರಿನಲ್ಲಿ ಮದುವೆಯೂಟ. "ಹೈವೇಯಲ್ಲಿ ಬಸ್ಸು ಓಡಿಸುದು ನೋಡಿದ್ರೆ ಜೀವ ಬಾಯಿಗೆ ಬರ್ತದೆ. ಮಂಗಳೂರಲ್ಲೂ ಏರ್‌ಪೋರ್ಟ್ ಉಂಟು, ಕಣ್ಣೂರಲ್ಲೂ ಉಂಟು. ಒಂದು ವಿಮಾನ ನೋಡಿ" ಎಂದರು.

ಹುಡುಕಿದೆ. ಕಾಗೆ ನೇರ ಹಾರಿದರೆ ನೂರು ಚಿಲ್ಲರೆ ಕಿಲೋಮೀಟರ್ ಇದ್ದೀತು. ನೇರ ವಿಮಾನ ಮಾತ್ರ ಇಲ್ಲ. ಬೆಂಗಳೂರಿಗೆ ಹೋಗಿ, ಅಲ್ಲಿ ನಾಲ್ಕು ಗಂಟೆ ಕಾದು, ಇನ್ನೊಂದು ಹತ್ತಬೇಕು.

"ಏರುದೂ ಎರಡು ಸಲ, ಇಳಿಯುದೂ ಎರಡು ಸಲವಾ?" ಎಂದು ಎದ್ದೇಬಿಟ್ಟರು. "ಬೇಡ ಮಾರಾಯ್ರೆ, ಬಸ್ಸಲ್ಲಾದ್ರೆ ಒಂದೇ ಸಲ ಸಾಯಬಹುದು."

ಧೈರ್ಯವಂತರ ಪ್ರಯಾಣ

ರಾಮಕುಂಜದ ನಿವೃತ್ತ ಮಾಷ್ಟ್ರೊಬ್ಬರು ಅಂಗಡಿ ತುಂಬ ಜನರಿರುವಾಗಲೇ ಹೇಳಿಬಿಟ್ಟರು: "ಬೆಂಗಳೂರಲ್ಲಿ ನನಗೊಂದು ಸನ್ಮಾನ ಉಂಟು. ಒಬ್ಬನೇ ಹೋಗ್ಲಿಕ್ಕೆ ಹೆದರಿಕೆ. ನೀವು ಧೈರ್ಯದವರು, ಜೊತೆಗೆ ಬನ್ನಿ." ಅಷ್ಟು ಜನರ ಎದುರು ಇಲ್ಲ ಎನ್ನುವುದು ಹೇಗೆ?

ವಿಮಾನ ನೆಲ ಬಿಟ್ಟಾಗ ಊರ ದೈವಕ್ಕೆ ಒಂದು ತೆಂಗಿನಕಾಯಿ ಹರಕೆ ಹೇಳಿಕೊಂಡೆ. ಮೋಡದೊಳಗೆ ಅಲುಗಾಡಿದಾಗ ಅದು ಒಂದು ಬಾಳೆಗೊನೆಯಾಯಿತು, ಇಳಿಯುವ ಹೊತ್ತಿಗೆ ಬೆಳ್ಳಿಗೆ ಮುಟ್ಟಿತ್ತು. ಪಕ್ಕದಲ್ಲಿ ಮಾಷ್ಟ್ರು ಕಣ್ಣುಮುಚ್ಚಿ ಮಗ್ಗಿ ಹೇಳುತ್ತಿದ್ದರು. ಬೆಂಗಳೂರು ಮುಟ್ಟಿದಾಗ ಹತ್ತೊಂಬತ್ತರ ಮಗ್ಗಿಯಲ್ಲಿದ್ದರು.

ಮರುದಿನ ಬೆಳಿಗ್ಗೆ ನಾನು, "ನನಗಿಲ್ಲಿ ಕೆಲಸ ಉಂಟು ಮಾಷ್ಟ್ರೆ, ನೀವು ವಿಮಾನದಲ್ಲಿ ಹೋಗಿ" ಎಂದೆ. "ಅಡ್ಡಿಯಿಲ್ಲ, ಈಗ ನನಗೆ ಧೈರ್ಯ ಬಂದಿದೆ" ಎಂದರು. ಹೆಂಡತಿಗೆ 'ವಿಮಾನದಲ್ಲಿ ಹೊರಟೆ' ಎಂದು ಫೋನು ಮಾಡಿ, ಕದ್ದುಮುಚ್ಚಿ ಪುತ್ತೂರಿನ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟಿನಲ್ಲಿ ಸನ್ಮಾನದ ಶಾಲು ಮುಖಕ್ಕೆ ಮುಚ್ಚಿಕೊಂಡು ಒಬ್ಬರು ಕೂತಿದ್ದರು. ಶಾಲು ಸ್ವಲ್ಪ ಸರಿಯಿತು. ಮಾಷ್ಟ್ರು!

"ಯಾರಿಗೂ ಹೇಳುದು ಬೇಡ" ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು.

ಘಾಟಿ ಇಳಿದಾದ ಮೇಲೆ ಹೆಂಡತಿಯ ಫೋನು ಬಂತು. "ವಿಮಾನ ಇಳಿದು ನಾಲ್ಕು ಗಂಟೆ ಆಯ್ತು, ಎಲ್ಲಿದ್ದೀರಿ? ಇಲ್ಲಿ ಅಂಗಡಿಯಲ್ಲಿ ಜನ ಕಾಯ್ತಾ ಇದ್ದಾರೆ." ಮಾಷ್ಟ್ರು ಫೋನು ಕಸಿದುಕೊಂಡರು. "ಹೆದರ್ಬೇಡಮ್ಮ, ಇನ್ನೂ ಮೇಲೆಯೇ ಇದ್ದೇವೆ. ಮೋಡದಲ್ಲಿ ಸ್ವಲ್ಪ ಟ್ರಾಫಿಕ್ ಬ್ಲಾಕ್ ಉಂಟು."

ಅಷ್ಟರಲ್ಲಿ ಕಂಡಕ್ಟರು ಕೂಗಿದ: "ನೆಲ್ಯಾಡಿ! ಯಾರು ನೆಲ್ಯಾಡಿ, ಇಳೀರಿ ಬೇಗ!"

ನಾನು ಫೋನು ಕಿತ್ತು ಕಿವಿಗಿಟ್ಟುಕೊಂಡೆ. ನನ್ನ ಮಾನ, ಅಂಗಡಿ ಎಲ್ಲ ಮುಗಿಯಿತು ಅಂದುಕೊಂಡೆ. ಆಮೇಲೆ ಹೆಂಡತಿ ಮೆಲ್ಲಗೆ ಹೇಳಿದಳು: "ನನ್ನ ಫೋನು ಸ್ಪೀಕರಿನಲ್ಲಿತ್ತು, ಎಲ್ಲರಿಗೂ ಕೇಳಿಸಿತು. ನೆಲ್ಯಾಡಿಯಲ್ಲಿ ನಿಲ್ಲಿಸುವ ವಿಮಾನ ಆದ್ರೆ ಇಲ್ಲಿ ಕೂತ ಐದು ಜನಕ್ಕೂ ಹೆದರಿಕೆ ಇಲ್ವಂತೆ. ಅದರಲ್ಲೇ ಸೀಟು ಬೇಕಂತೆ."